ಸುಡುಮಣ್ಣಿನ ಸಾಕ್ಷಿ

೧೯೮೯ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಕ್ಲಾಸು ಪಾಸಾಗಿಯೇ ಬಿಟ್ಟದ್ದು, ಫೇಲಾಗಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಜೀಪಿನ ಡ್ರೈವರ್ ಎಂದ ಕೂಡಲೇ ಜನ ತಮ್ಮಷ್ಟಕ್ಕೆ ಒಂದು ತೀರ್ಮಾನಕ್ಕೆ ಬರುತ್ತಾರೆ. ನಾರಾವಿಯಿಂದ ಮಲೆಗೆ ಹೋಗುವ ಬಾಡಿಗೆ ಜೀಪಿಗೆ ಕ್ಲೀನರ್ ಆಗಿ ಸೇರಿದವನು, ಕೆಸರಿನಲ್ಲಿ ಹೂತ ಚಕ್ರಕ್ಕೆ ಕಲ್ಲು ಕೊಟ್ಟು ಕೊಟ್ಟು ಡ್ರೈವರ್ ಆದೆ, ಆಮೇಲೆ ಅದೇ ಜೀಪನ್ನು ಕೊಂಡೆ. ಯಾರ ಎದುರೂ ಕೈಚಾಚಿದವನಲ್ಲ.

ಆದರೆ ಇದು ನನ್ನ ಕತೆ ಅಲ್ಲ. ಬಿ.ಸಿ. ರೋಡಿನ ಒಂದು ಮಾಳಿಗೆ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು, ಪಹಣಿ ಇಲ್ಲದ ಜನರಿಗೆ ಅವರ ಜಾಗದ ಹಕ್ಕು ಕೊಡಿಸಲಿಕ್ಕೆ ಹೊರಟ ಒಬ್ಬರು ಹೆಂಗಸಿನ ಬಗ್ಗೆ ನಾಲ್ಕು ಮಾತು. ಹೋದ ತಿಂಗಳು ಅವರು ಆ ಕೋಣೆ ಬಿಟ್ಟರು. ಸಾಮಾನನ್ನು ಪಿಕಪ್ಪಿನಲ್ಲಿ ಹಾಕಿ ಮೂಡುಬಿದಿರೆಗೆ ಮುಟ್ಟಿಸಿದವನು ನಾನೇ. ನಿಮ್ಮ ಬಗ್ಗೆ ಬರೆಯಬೇಕೆಂದಿದ್ದೇನೆ ಎಂದಾಗ ಅವರು, ಬರೆಯಿರಿ, ಹೆಸರು ಮಾತ್ರ ಬೇಡ ಎಂದರು. ಹಾಗಾಗಿ ಹೆಸರಿಲ್ಲ.

ಅವರು ಸಿದ್ಧಕಟ್ಟೆ ಕಡೆಯ ಕ್ರಿಶ್ಚಿಯನ್ನರ ಮನೆಯವರು. ಮಲೆಯ ಜನ ಅವರನ್ನು ಬಾಯಮ್ಮ ಎಂದು ಕರೆಯುತ್ತಿದ್ದರು. ಅವರ ತುಳು ಕೊಂಕಣಿಯ ರಾಗದಲ್ಲಿ ಹೋಗುತ್ತಿತ್ತು, ಎಲ್ಲಿ ಏರಬೇಕೋ ಅಲ್ಲಿ ಇಳಿಯುತ್ತಿತ್ತು. ಎಲ್ಲರಿಗೂ ಬಹುವಚನ. ಡೊಂಬಯ್ಯಣ್ಣನ ಮನೆಯ ನಾಯಿ ಅಡ್ಡ ಮಲಗಿದ್ದಾಗ "ನೀವು ಸ್ವಲ್ಪ ಆಚೆ ಹೋಗ್ತೀರಾ" ಎಂದು ಅದನ್ನು ಕೇಳಿಕೊಂಡವರು. ನಾಯಿ ಹೋಯಿತು. ಆ ಮನೆಯಲ್ಲಿ ಅದಕ್ಕೆ ಅಂತಹ ಮರ್ಯಾದೆ ಯಾರೂ ಕೊಟ್ಟಿರಲಿಲ್ಲ.

ಮೊದಲ ದಿನ ನಾರಾವಿಯ ಜೀಪ್ ಸ್ಟ್ಯಾಂಡಿಗೆ ಬಂದಾಗ ಹೆಗಲಿನಲ್ಲಿ ಒಂದು ಚೀಲ, ಕೈಯಲ್ಲಿ ಒಂದು ಲಿಂಬೆಹಣ್ಣು. ತಿರುವುಗಳಲ್ಲಿ ಅವರಿಗೆ ವಾಂತಿ ಬರುತ್ತಿತ್ತು. ಬಂದರೆ ಹೇಳ್ತೇನೆ, ನಿಲ್ಲಿಸಬೇಕು, ಇದರಲ್ಲಿ ನಾಚಿಕೆ ಎಂತ ಇಲ್ಲ ಎಂದು ಹತ್ತುವ ಮೊದಲೇ ಹೇಳಿದರು. ಅರ್ಧ ದಾರಿಯಲ್ಲಿ, ನೀವು ಎಷ್ಟು ಓದಿದ್ದೀರಿ ಎಂದು ಕೇಳಿದರು. ನನಗೆ ಸರ್ರನೆ ಸಿಟ್ಟು ಬಂತು.

"ಈ ರಸ್ತೆಗೆ ಎಷ್ಟು ಬೇಕೋ ಅಷ್ಟು" ಎಂದೆ.

"ಹಾಗಾದರೆ ನಿಮ್ಮ ಬ್ರೇಕ್ ಯಾಕೆ ಇಷ್ಟು ಕೂಗ್ತದೆ?"

ಬ್ರೇಕ್ ಕೂಗುತ್ತಿದ್ದದ್ದು ನಿಜ. ಮರುದಿನವೇ ಸರಿ ಮಾಡಿಸಿದೆ. ಅಲ್ಲಿಂದ ಮುಂದೆ ಅವರು ಮಲೆಗೆ ಬೇರೆ ಜೀಪಿನಲ್ಲಿ ಹೋದದ್ದಿಲ್ಲ.

ನೇರೊಳ್ಪಲ್ಕೆ ಎಂದರೆ ಜೀಪಿನ ರಸ್ತೆ ಮುಗಿದ ಮೇಲೆ ಇನ್ನೂ ಅರ್ಧ ಗಂಟೆ ಹತ್ತಬೇಕಾದ ಜಾಗ. ಎಂಟೊಂಬತ್ತು ಮಲೆಕುಡಿಯರ ಮನೆಗಳು. ಯಾರಿಗೂ ಪಹಣಿ ಇಲ್ಲ. ಕಾಡಿನಲ್ಲಿ ಮೊದಲಿನಿಂದ ಇದ್ದವರಿಗೆ ಹಕ್ಕುಪತ್ರ ಕೊಡಬೇಕೆಂದು ಕಾನೂನು ಬಂತು, ಆದರೆ ಎರಡು ಸಾವಿರದ ಐದರ ಮೊದಲೇ ಇದ್ದೆವೆಂದು ತೋರಿಸಬೇಕು. ಇವರು ಅರ್ಜಿ ಹಾಕಿದರು. ಕಚೇರಿಯವರು ಉಪಗ್ರಹ ತೆಗೆದ ಹಳೆಯ ಫೋಟೋ ನೋಡಿ, ಇಲ್ಲಿ ಮನೆಯೇ ಇಲ್ಲ, ಬರೀ ಕಾಡು ಎಂದು ಬರೆದು ಅರ್ಜಿ ವಾಪಸು ಕಳಿಸಿದರು.

ಸುಳ್ಳಲ್ಲ, ಆ ಫೋಟೋ ನಾನೂ ನೋಡಿದ್ದೇನೆ. ಹಸಿರು ಬಿಟ್ಟರೆ ಬೇರೆ ಎಂತದ್ದೂ ಇಲ್ಲ. ಇವರು ಮನೆಯ ಮೇಲಿನ ಮರ ಕಡಿಯುವವರಲ್ಲ. ಮಾಡಿನ ಮೇಲೆ ಹಲಸು, ಹಲಸಿಗೆ ಒಳ್ಳೆಮೆಣಸಿನ ಬಳ್ಳಿ, ಅದರಾಚೆ ಮತ್ತೆ ಮರ. ಕೆಳಗೆ ರಸ್ತೆಯ ಬದಿಯಲ್ಲಿ ಗುಡ್ಡ ಬೋಳಿಸಿ ರಬ್ಬರ್ ಹಾಕಿದವರ ಜಾಗ ಮಾತ್ರ ಅದೇ ಫೋಟೋದಲ್ಲಿ ಗೆರೆ ಹೊಡೆದ ಹಾಗೆ ಕಾಣುತ್ತಿತ್ತು. ಅವರಿಗೆ ಯಾರೂ ಪ್ರಶ್ನೆ ಕೇಳಲಿಲ್ಲ. "ಕಡಿದವರು ಆಕಾಶಕ್ಕೆ ಕಾಣ್ತಾರೆ, ಕಡಿಯದವರು ಕಾಣುದಿಲ್ಲ. ಇದಕ್ಕೆಂತ ಮಾಡುದು ಹೇಳಿ?" ಎಂದು ಬಾಯಮ್ಮ ನನ್ನನ್ನು ಕೇಳಿದ್ದರು. ನಾನು ಗೇರು ಬದಲಿಸಿದೆ.

ಎಲ್ಲಕ್ಕಿಂತ ಮೇಲಿನ ಮನೆ ಡೊಂಬಯ್ಯಣ್ಣನದ್ದು. ಎಪ್ಪತ್ತು ದಾಟಿದ, ಕೋಲಿನ ಹಾಗಿರುವ ಮನುಷ್ಯ. ಹೆಂಡತಿ ಕಮಲಕ್ಕ. ನಾನು ಕ್ಲೀನರ್ ಆಗಿದ್ದಾಗಿನಿಂದ ಅವರ ಮನೆಯಲ್ಲಿ ಊಟ ಮಾಡಿದವನು, ಹಾಗಾಗಿ ಬಾಯಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಪರಿಚಯ ಹೇಳಿದ್ದೂ ನಾನೇ.

ಬಾಯಮ್ಮನದ್ದೊಂದು ಕ್ರಮ ಇತ್ತು. ಯಾವ ಮನೆಯ ವಿವರ ಬರೆದುಕೊಳ್ಳುವ ಮೊದಲೂ ಅರ್ಧ ಪುಟದಷ್ಟು ಒಂದು ಒಕ್ಕಣೆ ಓದಿ ಹೇಳುತ್ತಿದ್ದರು. ನಿಮ್ಮ ಹೆಸರು, ಜಾಗದ ಗುರುತು ಬರೆದುಕೊಳ್ಳುತ್ತೇವೆ, ಇದಕ್ಕಾಗಿ ಉಪಯೋಗಿಸುತ್ತೇವೆ, ಇಂಥವರಿಗೆ ಕೊಡುತ್ತೇವೆ, ಬೇಡವೆಂದರೆ ಬೇಡ ಎನ್ನಬಹುದು. ಅವರು ಕನ್ನಡಕ ಹಾಕಿ ಓದಲಿಕ್ಕೆ ಶುರು ಮಾಡುವಾಗಲೇ ಡೊಂಬಯ್ಯಣ್ಣ "ಆಯ್ತು" ಎಂದರು. ಕೇಳಿ ಆದ ಮೇಲೆ ಹೇಳಿ ಎಂದರು ಇವರು. ಅವರು ತಲೆಯಾಡಿಸಿ, ಎರಡನೆಯ ಸಾಲಿಗೆ ಮತ್ತೆ ಆಯ್ತು ಎಂದರು. ಬಾಯಮ್ಮ ಓದುವುದನ್ನು ನಿಲ್ಲಿಸಿ, ನೀವು ಬೇಡ ಅಂತಲೂ ಹೇಳಬಹುದು ಎಂದು ಬಿಡಿಸಿ ಹೇಳಿದರು.

"ಇಷ್ಟು ದೂರ ಹತ್ತಿಕೊಂಡು ಬಂದಿದ್ದೀರಿ ಬಾಯಮ್ಮ" ಎಂದರು ಡೊಂಬಯ್ಯಣ್ಣ. "ಮನೆಗೆ ಬಂದವರಿಗೆ ಬೇಡ ಅಂತ ಹೇಳ್ಲಿಕ್ಕುಂಟಾ?"

ಅವರು ಪೂರ್ತಿ ಓದಿಯೇ ಓದಿದರು. ಕಮಲಕ್ಕ ಬೆಲ್ಲ ನೀರು ತಂದಿಟ್ಟು ಪಕ್ಕದಲ್ಲಿ ನಿಂತು, ಇದು ಯಾವಾಗ ಮುಗಿಯುತ್ತದೆ ಎಂದು ನನ್ನ ಮುಖ ನೋಡುತ್ತಿದ್ದರು. ನನಗೂ ನಗು ಬಂದಿತ್ತು.

ಜಾಗ ಗುರುತಿಸುವ ಸಣ್ಣ ಯಂತ್ರವನ್ನು ಅವರು ಆಕಾಶಕ್ಕೆ ಹಿಡಿದು ನಿಂತರೆ ಮಳೆ ಬರುತ್ತದೋ ಎಂದು ಕೈಯೊಡ್ಡಿದ ಹಾಗೆ ಕಾಣುತ್ತಿತ್ತು. ಸುತ್ತ ಇದ್ದವರೆಲ್ಲ ಅಲುಗಬಾರದು. "ಉಸಿರು ಬಿಡಬಹುದು" ಎನ್ನುತ್ತಿದ್ದರು, ಅದೊಂದು ತಮಾಷೆ ಅವರಿಗೆ. ಒಂದು ಸಲ ದೈವದ ಕಲ್ಲಿರುವ ಬನದ ಬದಿಯಲ್ಲಿ ಹಾಗೆ ಗುರುತು ಹಾಕಿದರು. ಕಮಲಕ್ಕನ ಮುಖ ಸಣ್ಣದಾಯಿತು. ಬಾಯಮ್ಮ ಅದನ್ನು ಕಂಡು, ಯಂತ್ರವನ್ನು ಕಮಲಕ್ಕನ ಕೈಗೇ ಕೊಟ್ಟು, ಯಾವ ಗುಂಡಿ ಒತ್ತಿದರೆ ಅಳಿಯುತ್ತದೆ ಎಂದು ತೋರಿಸಿ, ಅವರ ಬೆರಳಿನಿಂದಲೇ ಅಳಿಸಿದರು. ಆ ಕಲ್ಲು ಗುರುತಿನಲ್ಲಿ ಬಂದಿದ್ದರೆ ಹಳೆಯ ವಾಸಕ್ಕೆ ಒಳ್ಳೆಯ ಸಾಕ್ಷಿ ಆಗುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ಇಳಿದು ಬರುವಾಗ ನಾನು ಹೇಳಿಯೂ ಹೇಳಿದೆ. ಅವರಿಗೆ ಬೇಡ, ನನಗೂ ಬೇಡ ಎಂದು ಮುಗಿಸಿದರು.

ಉಳಿದ ಗುರುತುಗಳನ್ನು ಸೇರಿಸಿ ಬಾಯಮ್ಮ ಹಾಕಿಸಿದ ಮೇಲ್ಮನವಿಯೂ ನಿಲ್ಲಲಿಲ್ಲ. ಈಗಿರುವ ಮನೆ ಈಗಿನದ್ದು, ಮೊದಲು ಇತ್ತೆಂಬುದಕ್ಕೆ ಏನುಂಟು ಎಂದರು ಕಚೇರಿಯವರು. ಬಾಯಮ್ಮ ಆ ಮಳೆಗಾಲ ಪೂರ್ತಿ ಕೋಣೆ ಬಿಟ್ಟು ಹೊರಬರಲಿಲ್ಲ. ಕೆಳಗಿನ ಅಂಗಡಿಯವನು ಊಟ ಮೇಲೆ ಕಳಿಸಿದರೆ ತಟ್ಟೆ ಹಾಗೇ ವಾಪಸು ಬರುತ್ತದೆ ಎಂದು ನನ್ನ ಹತ್ತಿರ ದೂರು ಹೇಳಿದ. ಬೇಸಿಗೆ ಬಂದ ಮೇಲೆ ಒಂದು ದಿನ ಫೋನು. ಮೇಲೆ ಹೋಗುವ, ಇವತ್ತೇ ಎಂದರು.

ಅವರ ಕೈಯಲ್ಲಿ ಸುರುಳಿ ಸುತ್ತಿದ ಒಂದು ದೊಡ್ಡ ನಕ್ಷೆ ಇತ್ತು. ಡೊಂಬಯ್ಯಣ್ಣನ ಅಂಗಳದಲ್ಲಿ ಬಿಡಿಸಿ ನಾಲ್ಕು ಮೂಲೆಗೆ ಅಡಿಕೆ ಇಟ್ಟರು. ಹಸಿರಿನ ನಡುವೆ ಅಲ್ಲಲ್ಲಿ ಕೆಂಪು ಚುಕ್ಕೆ. ಕಾಡಿಗೆ ಬೆಂಕಿ ಬಿದ್ದರೆ ಉಪಗ್ರಹಕ್ಕೆ ಬಿಸಿ ಗೊತ್ತಾಗುತ್ತದಂತೆ, ಅದು ಚುಕ್ಕೆ ಹಾಕಿಡುತ್ತದಂತೆ, ಎರಡು ಸಾವಿರದ ಐದಕ್ಕಿಂತ ಮೊದಲಿನ ಚುಕ್ಕೆಗಳೂ ಹಾಗೇ ಉಳಿದಿವೆಯಂತೆ. ಪ್ರತಿ ವರ್ಷ, ಮಳೆಗೆ ಮೊದಲು, ಇದೇ ಜಾಗದಲ್ಲಿ ಚುಕ್ಕೆ. ಇದು ಎಂತ ಎಂದು ಅವರು ಕೇಳಿದರು.

ಡೊಂಬಯ್ಯಣ್ಣ ಬಗ್ಗಿ ನೋಡಿ ನಕ್ಕರು. ಸುಡುಮಣ್ಣು, ಮತ್ತೆಂತ. ಒಣಗಿದ ಸೊಪ್ಪು, ತರಗೆಲೆ, ಸೆಗಣಿ ರಾಶಿ ಹಾಕಿ ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಡುವುದು. ಮೂರು ನಾಲ್ಕು ದಿನ ಒಳಗೊಳಗೇ ಬೇಯುತ್ತದೆ. ಆ ಮಣ್ಣು ಗಿಡದ ಬುಡಕ್ಕೆ. ದೈವಕ್ಕೆ ವರ್ಷದ ತಂಬಿಲದ ಪೂಜೆ ಆದ ಮೇಲಿನ ವಾರ ಎಲ್ಲ ಮನೆಯವರೂ ಒಟ್ಟಿಗೆ ಮಾಡುತ್ತಾರೆ, ಅದೇ ವಾರ ಹುಲ್ಲು ಬೆಳೆದ ಗುಡ್ಡದ ದರೆಯನ್ನೂ ಸುಟ್ಟು ಚೊಕ್ಕ ಮಾಡುತ್ತಾರೆ. ಒಂದು ಮನೆಯದ್ದಾಗಿದ್ದರೆ ಅಷ್ಟು ಮೇಲಿಂದ ಕಾಣುತ್ತಿರಲಿಲ್ಲ, ಎಲ್ಲರೂ ಒಟ್ಟಿಗೆ ಹಾಕಿದ್ದಕ್ಕೆ ಕಂಡಿತು ಎಂದು ಬಾಯಮ್ಮ ಹೇಳಿದರು. ಅವರು ಬಾಯಿಬಿಟ್ಟು ನಕ್ಕದ್ದನ್ನು ನಾನು ನೋಡಿದ್ದು ಅವತ್ತು ಮಾತ್ರ. ಮನೆ ಕಾಣದಿದ್ದರೂ ಕೈಕೆಲಸ ಕಂಡಿತಲ್ಲ ಎಂದರು. ಕಮಲಕ್ಕ ಎಲೆಯಲ್ಲಿ ಬೇಯಿಸಿ ಕೊಟ್ಟ ಹಲಸಿನ ಹಣ್ಣಿನ ಗಟ್ಟಿಯನ್ನು ಎರಡು ಸಲ ಕೇಳಿ ತಿಂದರು.

ಆಮೇಲೆ ಅವರು ಮಾಡಿದ ಕೆಲಸವನ್ನು ಹೇಳಬೇಕು. ಒಂದೊಂದು ವರ್ಷದ ಚುಕ್ಕೆಯನ್ನೂ ಬಿಡಿಸಿ ಬಿಡಿಸಿ, ಯಾವುದು ಯಾರ ಅಂಗಳದ ಬದಿಯದ್ದು ಎಂದು ನಡೆದು ನೋಡಿ, ಪಕ್ಕದಲ್ಲಿ ಆ ಮನೆಯ ಯಜಮಾನರ ಹೆಸರು ಬರೆದರು. ಪ್ರತಿ ಮನೆಯಲ್ಲಿ ಕೂತು ಮತ್ತೆ ಆ ಒಕ್ಕಣೆ ಓದಿದರು. ಎಲ್ಲರೂ ಆಯ್ತು ಎಂದರು. ಎಲ್ಲ ಮುಗಿಸಿ ನಕ್ಷೆ ಪ್ರಿಂಟ್ ಆಗಿ ಬಂದಾಗ ನನಗೆ ತೋರಿಸಿದರು. ಮದುವೆಯ ಕಾಗದದ ಹಾಗೆ ಚಂದ ಇತ್ತು.

ಆ ನಕ್ಷೆ ಇಟ್ಟು ಮತ್ತೆ ಅರ್ಜಿ ಹಾಕಿದ ಮೇಲೆ, ಅರಣ್ಯ ಮತ್ತು ಕಂದಾಯದವರ ಜಂಟಿ ತಪಾಸಣೆಗೆ ಅಧಿಕಾರಿಗಳು ಎರಡು ಜೀಪಿನಲ್ಲಿ ಬಂದರು. ಅವರಲ್ಲಿ ದೊಡ್ಡ ಅಧಿಕಾರಿ ಇನ್ನೂ ಹರೆಯದವರು, ಸಭ್ಯರು. ನಕ್ಷೆ ನೋಡಿ, ಮೇಡಂ ಇಷ್ಟು ನೀಟಾಗಿ ನಮ್ಮವರೂ ಮಾಡುವುದಿಲ್ಲ ಎಂದರು. ಆಮೇಲೆ ಒಂದು ಚುಕ್ಕೆಯ ಮೇಲೆ ಪೆನ್ನಿಟ್ಟು, ಇದು ಯಾರು ಹಾಕಿದ ಬೆಂಕಿ ಎಂದು ಕೇಳಿದರು. ಬಾಯಮ್ಮ, ಇದು ಕಾಡಿಗೆ ಹಾಕಿದ ಬೆಂಕಿ ಅಲ್ಲ, ಬೇಸಾಯದ್ದು ಎಂದು ವಿವರಿಸಲು ಹೊರಟರು. ಅಷ್ಟರಲ್ಲಿ ಡೊಂಬಯ್ಯಣ್ಣ ಮುಂದೆ ಬಂದರು.

"ನಾವೇ ಸಾರ್. ನನ್ನ ಅಪ್ಪ ಹಾಕ್ತಿದ್ದರು, ಅವರ ಅಪ್ಪನೂ ಹಾಕ್ತಿದ್ದರು. ಇಷ್ಟು ದೂರ ಬಂದು ಬೇರೆ ಯಾರು ಹಾಕ್ತಾರೆ?"

ಅಧಿಕಾರಿ ಬರೆದುಕೊಂಡರು. ಅದನ್ನು ನೋಡಿ ಉಳಿದವರಿಗೂ ಹುರುಪು ಬಂತು. ಇದು ನಮ್ಮದು, ಅದು ನಮ್ಮದು ಎಂದು ಒಬ್ಬೊಬ್ಬರೇ ಬೆರಳಿಟ್ಟು ತೋರಿಸಿದರು. ಕೆಳಗಿನ ಮನೆಯ ಹೆಂಗಸೊಬ್ಬರು, ಹೋದ ವರ್ಷದ ಚುಕ್ಕೆ ನಮ್ಮದು, ಅದನ್ನು ಪಕ್ಕದ ಮನೆಯವರ ಹೆಸರಿಗೆ ಯಾಕೆ ಹಾಕಿದ್ದು ಎಂದು ಬಾಯಮ್ಮನ ಹತ್ತಿರ ಜಗಳಕ್ಕೇ ನಿಂತರು. ಅಧಿಕಾರಿ ಅದನ್ನೂ ತಿದ್ದಿ ಬರೆದುಕೊಂಡರು. ಎಲ್ಲರೂ ಸಹಿ ಹಾಕಿದರು, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು. ಕಮಲಕ್ಕ ಎಲ್ಲರಿಗೂ ಬೆಲ್ಲ ನೀರು ಕೊಟ್ಟರು.

ಎರಡು ಕಾಗದ ಬಂತು. ಒಂದರಲ್ಲಿ, ಬೆಂಕಿಯ ಗುರುತು ವಾಸಕ್ಕೆ ಪುರಾವೆ ಆಗುವುದಿಲ್ಲ, ಹೊರಗಿನವರು ಬಂದು ಹಾಕಿರಲೂಬಹುದು, ಅರ್ಜಿ ತಿರಸ್ಕರಿಸಿದೆ ಎಂದಿತ್ತು. ಇನ್ನೊಂದು ಕಾಡಿಗೆ ಬೆಂಕಿ ಹಾಕಿದ ಕೇಸು. ಹಳೆಯ ವರ್ಷಗಳದ್ದಕ್ಕೆ ಅವಧಿ ಮೀರಿತ್ತಂತೆ, ಇತ್ತೀಚಿನ ಮೂರು ವರ್ಷಕ್ಕೆ ಒಂದೊಂದರಂತೆ ಎಲ್ಲರ ಮೇಲೂ ಮೂರು ಕೇಸು. ಅದಕ್ಕೆ ಲಗತ್ತಿಸಿದ್ದು ಬಾಯಮ್ಮನ ನಕ್ಷೆಯ ಬಣ್ಣದ ಪ್ರತಿ, ಹೆಸರುಗಳ ಸಮೇತ. ಹಕ್ಕಿಗೆ ಬೇಡವಾದ ಬೆಂಕಿ ಕೇಸಿಗೆ ಆಯಿತು.

ಆ ಕಾಗದಗಳನ್ನು ಅವರು ಬೆಳ್ತಂಗಡಿಯಿಂದ ವಾಪಸು ಬರುವಾಗ ನನ್ನ ಜೀಪಿನಲ್ಲಿ ಓದಿದರು. ರಸ್ತೆ ನೇರ ಇತ್ತು, ಒಂದು ತಿರುವೂ ಇರಲಿಲ್ಲ. ನಿಲ್ಲಿಸಿ ಎಂದರು. ಇಳಿದು, ಮೈಲಿಕಲ್ಲು ಹಿಡಿದುಕೊಂಡು ವಾಂತಿ ಮಾಡಿದರು.

ಸುಮ್ಮನೆ ಕೂತವರಲ್ಲ ಅವರು. ವಕೀಲರನ್ನು ಹಿಡಿದರು. ಬೆಂಗಳೂರಿಗೆ ಬರೆದರು, ದೆಹಲಿಗೆ ಬರೆದರು. ಅವರ ಕೆಲಸಕ್ಕೆ ಸಹಾಯ ಮಾಡುತ್ತಿದ್ದ ಸಂಸ್ಥೆಯವರು ಫೋನು ಮಾಡಿ, ಇದನ್ನೇ ಒಂದು ಸಭೆಯಲ್ಲಿ ಬಂದು ಹೇಳಿ, ಇದರಿಂದ ಕಲಿಯುವುದಿದೆ ಎಂದರಂತೆ. ಯಾರು ಕಲಿಯುವುದು ಎಂದು ಕೇಳಿ ಬಾಯಮ್ಮ ಫೋನಿಟ್ಟರಂತೆ. ಒಂದು ಮಧ್ಯಾಹ್ನ ನಾನು ಕೋಣೆಗೆ ಹೋದಾಗ ಕಂಪ್ಯೂಟರಿನ ಮುಂದೆ ಕೂತು ನಕ್ಷೆಯಿಂದ ಒಂದೊಂದೇ ಹೆಸರು ಅಳಿಸುತ್ತಿದ್ದರು. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದಾ ಎಂದು ಕೇಳಿದೆ. ಇಲ್ಲ ಎಂದರು, ಅಳಿಸುತ್ತಲೇ ಇದ್ದರು.

ಜಾಮೀನಿಗೆ ಪಹಣಿ ಇರುವವರು ಬೇಕಿತ್ತು. ಪಹಣಿ ಇಲ್ಲವೆಂದೇ ಇಷ್ಟೆಲ್ಲ ಆದದ್ದು, ಮಲೆಯಲ್ಲಿ ಯಾರ ಹತ್ತಿರ ಇರುತ್ತದೆ? ಡೊಂಬಯ್ಯಣ್ಣನ ಮೂರೂ ಕೇಸಿಗೆ ನಾನು ನಿಂತೆ. ಉಳಿದವರಿಗೆ ಬಾಯಮ್ಮ ಸಿದ್ಧಕಟ್ಟೆಯ ತಮ್ಮ ಅಣ್ಣಂದಿರನ್ನು ಕಾಡಿ ಬೇಡಿ ನಿಲ್ಲಿಸಿದರು. ಅಣ್ಣಂದಿರು ಅಲ್ಲಿಂದ ಮುಂದೆ ಅವರ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ.

ಆ ವರ್ಷ ನೇರೊಳ್ಪಲ್ಕೆಯಲ್ಲಿ ಸುಡುಮಣ್ಣು ಮಾಡಲಿಲ್ಲ. ಅಷ್ಟಕ್ಕೇ ನಿಲ್ಲಲಿಲ್ಲ. ಹೊಗೆ ಎಂದರೇ ಹೆದರಿಕೆ. ಡೊಂಬಯ್ಯಣ್ಣನ ಸೊಸೆ ಹೆತ್ತು ಮನೆಗೆ ಬಂದಿದ್ದಳು, ಬಾಣಂತಿಯ ಸ್ನಾನಕ್ಕೆ ಬಚ್ಚಲಿನ ಒಲೆ ಉರಿಸಲು ಕಮಲಕ್ಕ ಒಪ್ಪಲಿಲ್ಲ, ಒಳಗಿನ ಸಣ್ಣ ಒಲೆಯಲ್ಲಿ ಚೆಂಬು ಚೆಂಬಾಗಿ ಕಾಸಿದರು. ಸುದ್ದಿ ತಿಳಿದು ಬಾಯಮ್ಮ ಹತ್ತಿಕೊಂಡು ಬಂದರು. ಇಷ್ಟು ಸಣ್ಣ ಬೆಂಕಿ ಯಾವ ಉಪಗ್ರಹಕ್ಕೂ ಕಾಣುವುದಿಲ್ಲ ಎಂದು ಆಣೆ ಹಾಕಿದ ಹಾಗೆ ಹೇಳಿದರು.

ಕಮಲಕ್ಕ ಸಿಟ್ಟಿನಲ್ಲಿ ಹೇಳಲಿಲ್ಲ, ಮೆತ್ತಗೇ ಹೇಳಿದರು. "ಕಾಣ್ತದೆ ಅಂತ ಹೇಳಿದ್ದೂ ನೀವೇ ಬಾಯಮ್ಮ. ಕಾಣುದಿಲ್ಲ ಅಂತ ಹೇಳುದೂ ನೀವೇ. ನಾವು ಯಾವುದನ್ನು ನಂಬುದು?"

ಅವತ್ತೂ ಬೆಲ್ಲ ನೀರು ಕೊಟ್ಟರು. ಆದರೆ ಮಣೆ ಹಾಕಿದ್ದು ಒಳಗಲ್ಲ, ಅಂಗಳದಲ್ಲಿ, ನನಗೂ ಅಲ್ಲೇ. ವಕೀಲರಿಗೆ ಬೇಕಾದ ಎರಡು ವಿವರ ಕೇಳಲಿಕ್ಕಿತ್ತು, ಬಾಯಮ್ಮ ಅಭ್ಯಾಸಬಲದಿಂದ ಕನ್ನಡಕ ಹಾಕಿ ಆ ಒಕ್ಕಣೆ ಓದಲು ಶುರು ಮಾಡಿದರು. ಕೊನೆಯವರೆಗೂ ಓದಿದರು. ಯಾರೂ ಆಯ್ತು ಎನ್ನಲಿಲ್ಲ.

ಕೋರ್ಟಿನಲ್ಲಿ ಡೊಂಬಯ್ಯಣ್ಣನ ಸರದಿ ಬಂದದ್ದು ಆಮೇಲೆ. ವಕೀಲರು ಮೊದಲೇ ಹೇಳಿಕೊಟ್ಟಿದ್ದರು, ಬೆಂಕಿ ಹಾಕಿದ್ದು ಹೌದಾ ಎಂದು ಕೇಳುತ್ತಾರೆ, ಇಲ್ಲ ಎನ್ನಬೇಕು. ಹೌದು ಎಂದರೆ ಶಿಕ್ಷೆ. ಇಲ್ಲ ಎಂದರೆ ಅಲ್ಲಿ ಇದ್ದದ್ದಕ್ಕೆ ಇದ್ದ ಒಂದೇ ಸಾಕ್ಷಿಯನ್ನು ಅವರ ಬಾಯಿಂದಲೇ ತೆಗೆದು ಹಾಕಿದ ಹಾಗೆ. ಇದನ್ನು ಬಾಯಮ್ಮ ಕೋರ್ಟಿನ ವರಾಂಡದಲ್ಲಿ ಅವರಿಗೆ ಬಿಡಿಸಿ ಹೇಳಿದರು, ಮರೆಮಾಡಲಿಲ್ಲ. ಹಾಗಾದರೆ ನಾನು ಎಂತ ಹೇಳುದು ಎಂದು ಡೊಂಬಯ್ಯಣ್ಣ ಅವರ ಮುಖ ನೋಡಿದರು. ಬಾಯಮ್ಮ ವಕೀಲರ ಕಡೆ ತಿರುಗಿದರು. ವಕೀಲರು, ಇಲ್ಲ ಅಂತ ಹೇಳಿ ಅಜ್ಜ, ಸುಮ್ಮನೆ ತಲೆಬಿಸಿ ಬೇಡ ಎಂದು ಒಳಗೆ ಕರೆದುಕೊಂಡು ಹೋದರು. ಒಗೆದ ಅಂಗಿ ಹಾಕಿಕೊಂಡು ಬಂದಿದ್ದ ಆ ಮನುಷ್ಯ ಕಟಕಟೆಯಲ್ಲಿ ನಿಂತು ಇಲ್ಲ ಎಂದರು. ಕೇಳಿಸಲಿಲ್ಲ, ಜೋರಾಗಿ ಹೇಳಿ ಎಂದರು ಜಡ್ಜರು. ಮತ್ತೊಮ್ಮೆ ಹೇಳಿದರು.

ವಾಪಸು ಬರುವಾಗ ಬಾಯಮ್ಮ ಹಿಂದಿನ ಸೀಟಿನಲ್ಲಿ, ಡೊಂಬಯ್ಯಣ್ಣ ನನ್ನ ಪಕ್ಕದಲ್ಲಿ. ಅರ್ಧ ದಾರಿ ಆದ ಮೇಲೆ ಡೊಂಬಯ್ಯಣ್ಣ ಯಾರಿಗೂ ಹೇಳದ ಹಾಗೆ, ಎದುರಿನ ಗಾಜಿಗೆ ಹೇಳಿದರು. "ಇವತ್ತು ನಾನು ನನ್ನ ಅಪ್ಪ ಅಲ್ಲಿ ಇರ್ಲಿಲ್ಲ ಅಂತ ಹೇಳಿ ಬಂದೆ."

ಅಲ್ಲಿಂದ ಮನೆಗಳು ಇಳಿಯತೊಡಗಿದವು. ಒಬ್ಬರು ಕೆಳಗೆ ಸಂಬಂಧಿಕರಲ್ಲಿಗೆ, ಒಬ್ಬರು ತೋಟದ ಕೆಲಸದ ಲೈನ್ ಮನೆಗೆ. ಡೊಂಬಯ್ಯಣ್ಣನ ಮನೆ ಇಳಿದದ್ದು ಈ ಸಲದ ಮಳೆಗೆ ಮೊದಲು. ಸಾಮಾನು ಹೊರಲು ನನ್ನ ಜೀಪು ಕೇಳಲಿಲ್ಲ, ಬೇರೆ ಜೀಪು ಹಿಡಿದರು. ನನಗೆ ಸ್ಟ್ಯಾಂಡಿನಲ್ಲಿ ಬೇರೆಯವರು ಹೇಳಿ ಗೊತ್ತಾಯಿತು.

ಬಾಯಮ್ಮನ ಸಾಮಾನು ಹೆಚ್ಚಿರಲಿಲ್ಲ. ಕಂಪ್ಯೂಟರ್ ಎರಡೂ ಮೊದಲೇ ಹೋಗಿದ್ದವು. ಮೂಡುಬಿದಿರೆಯಲ್ಲಿ ಅಕ್ಕನ ಮಗಳ ಜೆರಾಕ್ಸ್ ಅಂಗಡಿ ಉಂಟು, ಕಾಲೇಜಿನ ಮಕ್ಕಳ ಪ್ರಾಜೆಕ್ಟಿಗೆ ಟೈಪ್ ಮಾಡಿ ಬೈಂಡ್ ಹಾಕಿ ಕೊಡುವುದು, ಅಲ್ಲಿ ಕೂರುತ್ತಾರಂತೆ. ದಾರಿಯಲ್ಲಿ ಡೊಂಬಯ್ಯಣ್ಣ ಏನಾದರೂ ಹೇಳುತ್ತಾರಾ ಎಂದು ಕೇಳಿದರು. ಏನೂ ಹೇಳುವುದಿಲ್ಲ ಎಂದೆ. ಡೊಂಬಯ್ಯಣ್ಣ ನನ್ನ ಹತ್ತಿರ ಮಾತು ಬಿಟ್ಟು ಬಹಳ ದಿನ ಆಗಿತ್ತು. ಸಿದ್ಧಕಟ್ಟೆ ದಾಟಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ನಿಮ್ಮ ತಪ್ಪು ಎಂತ ಇಲ್ಲ ಮೇಡಂ ಎಂದೆ.

"ತಪ್ಪು ಮಾಡಿದ್ದರೆ ತಿದ್ದಬಹುದಿತ್ತು" ಎಂದರು. "ಎಲ್ಲ ಸರಿಯಾಗಿ ಮಾಡಿದ್ದೆ. ಅದನ್ನು ಎಂತ ಮಾಡುದು?"

ಇಳಿಸಿ ಆದ ಮೇಲೆ, ಕೂತು ಚಾ ಕುಡಿದು ಹೋಗಿ ಎಂದರು. ಅಂಗಡಿಯಲ್ಲಿ ಮಕ್ಕಳು ಸಾಲು ನಿಂತಿದ್ದರು. ಅವರು ಕನ್ನಡಕ ಹಾಕಿ, ಒಬ್ಬಳಿಂದ ಹಾಳೆ ತೆಗೆದುಕೊಂಡು, ಎಷ್ಟು ಪ್ರತಿ ಬೇಕು ನಿಮಗೆ ಎಂದು ಕೇಳುತ್ತಿದ್ದರು. ನಾನು ಚಾ ಕುಡಿಯಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಜೀಪು ಒಂದು. ಪಿಕಪ್ ಒಂದು. ಪಹಣಿ ಇರುವ ಜಾಗ ಮೂವತ್ತು ಸೆಂಟ್ಸ್, ಅದರ ಮೇಲೆ ಜಾಮೀನು ಮೂರು. ನೇರೊಳ್ಪಲ್ಕೆಯಲ್ಲಿ ಜನ ಉಳಿದಿರುವ ಮನೆ ಎರಡು. ಅದರಲ್ಲಿ ನಾನು ಹೋದರೆ ಒಳಗೆ ಕರೆಯುವ ಮನೆ, ಒಂದೂ ಇಲ್ಲ.